ಹಳೇ ಮರದ ಬೀರುಗಳಿಗೆ ಮನೆಯಲ್ಲೇ ಪಾಲಿಶ್: ಪೂರ್ತಿ ಕೆರೆಯಲೇಬೇಕಾ?

ಸಾಗರದ_ಸೊಸೆ
ಎಲ್ಲರಿಗೂ ನಮಸ್ಕಾರ. ಊರಿನ ಹಳೇ ಮನೆ ಬಿಚ್ಚಿದಾಗ ನಮ್ಮ ಪಾಲಿಗೆ ಮೂರು ಬೀರು ಬಂದವು. ಈಗ ಬೆಂಗಳೂರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬೆಡ್‌ಶೀಟ್ ಹೊದ್ದು ನಿಂತಿವೆ. ಒಂದು ಗೋಡೆ ಬೀರು. ಕಪ್ಪು ಅನ್ನುವಷ್ಟು ಕಂದು ಬಣ್ಣ, ಮೇಲೆಲ್ಲ ಬೇಸಿಗೆಯ ಕೆರೆ ತಳದ ಹಾಗೆ ಸಣ್ಣ ಬಿರುಕು. ಎರಡನೆಯದಕ್ಕೆ ಯಾವ ಕಾಲದಲ್ಲೋ ಹಸಿರು ಎನಾಮಲ್ ಬಳಿದಿದ್ದಾರೆ, ಕಿಟಕಿ ಸರಳಿಗೆ ಹೊಡೀತಿದ್ದರಲ್ಲ, ಅದೇ ಹಸಿರು. ಮೂರನೆಯದು ಅಡುಗೆಮನೆಯ ಕಪಾಟು. ಉಗುರಲ್ಲಿ ಗೀರಿದರೆ ಜಿಡ್ಡು ಸುರುಳಿ ಸುರುಳಿಯಾಗಿ ಬರುತ್ತದೆ.

ಪಾಲಿಶ್‌ನವರೊಬ್ಬರು ಬಂದು ನೋಡಿದರು. ಮೂರಕ್ಕೂ ಮಷೀನ್ ಹಾಕಿ ಕೆರೆದು, ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆದು, "ಶೋರೂಮಿಂದ ತಂದ ಹಾಗೆ ಮಾಡಿಕೊಡ್ತೀನಿ" ಅಂದರು. ನನಗೆ ಶೋರೂಮಿನ ಹಾಗೆ ಬೇಡ. ಯಜಮಾನರು ಮಾತ್ರ "ಕೊಟ್ಟು ಬಿಡು, ತಲೆನೋವು ತಪ್ಪುತ್ತೆ" ಅಂತಿದ್ದಾರೆ. ಮನೆಯಲ್ಲೇ ಮಾಡಿಕೊಳ್ಳಬಹುದಾ? ಎಲ್ಲಿಂದ ಶುರು ಮಾಡಲಿ?

ಅವಸರವಾಸಿ
ಇದರಲ್ಲಿ ಯೋಚನೆ ಮಾಡೋದು ಏನಿದೆ ಮೇಡಂ? ಒಂದು ಸ್ಯಾಂಡರ್ ತಗೊಳ್ಳಿ, 80 ನಂಬರ್ ಒರಟು ಸ್ಯಾಂಡ್ ಪೇಪರ್ ಹಾಕಿ, ಬೆತ್ತಲೆ ಮರ ಕಾಣೋವರೆಗೂ ಓಡಿಸಿ. ಆಮೇಲೆ ಎರಡು ಕೋಟ್ ವಾರ್ನಿಷ್. ಭಾನುವಾರ ಒಂದೇ ದಿನದ ಕೆಲಸ.

ಬಡಗಿಮನೆ
ಸ್ವಲ್ಪ ತಡೀರಿ ಸ್ವಾಮಿ. ಮಷೀನ್ ಮುಟ್ಟೋ ಮೊದಲು ಮರದ ಮೇಲೆ ಏನಿದೆ ಅಂತ ಗೊತ್ತಾಗಬೇಕು. ಮೂರು ಬೀರು ಅಂದರೆ ಮೂರು ಬೇರೆ ಬೇರೆ ಕೆಲಸ. ಎಲ್ಲಕ್ಕೂ ಒಂದೇ ರೇಟು, ಒಂದೇ ಮಷೀನು ಅನ್ನುವವರ ಹತ್ತಿರ ನಾನಾದರೆ ಕೊಡೋದಿಲ್ಲ.

ಅಕ್ಕ, ಹೀಗೆ ಮಾಡಿ. ಪೇಂಟ್ ಅಂಗಡಿಯಲ್ಲಿ ಡಿನೇಚರ್ಡ್ ಸ್ಪಿರಿಟ್ ಮತ್ತು ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, ಎರಡೂ ಸಣ್ಣ ಬಾಟಲಿ ತನ್ನಿ. ಬಾಗಿಲಿನ ಒಳಬದಿ, ಕೀಲಿನ ಹತ್ತಿರ, ಯಾರಿಗೂ ಕಾಣದ ಜಾಗ ಆರಿಸಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅಲ್ಲಿ ಒತ್ತಿ ಹಿಡಿದು, ಮೆತ್ತಗೆ ತಿರುಗಿಸಿ. ಹತ್ತಿ ಜೇನು ಬಣ್ಣಕ್ಕೆ ತಿರುಗಿ, ಆ ಜಾಗ ಬೆರಳಿಗೆ ಅಂಟಂಟಾದರೆ ಅದು ಅರಗಿನ ಪಾಲಿಶ್. ನಮ್ಮ ಕಡೆ ಸ್ಪಿರಿಟ್ ಪಾಲಿಶ್, ಫ್ರೆಂಚ್ ಪಾಲಿಶ್ ಅನ್ನೋದು ಇದಕ್ಕೇ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮಾತ್ರ ಕರಗಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಕರಗದಿದ್ದರೆ ವಾರ್ನಿಷ್, ಮೆಲಮೈನ್ ಅಥವಾ ಪಿಯು ಇರಬೇಕು. ಜಿಡ್ಡಿದ್ದರೆ ಮೊದಲು ಒರೆಸಿಕೊಂಡು ಆಮೇಲೆ ನೋಡಿ. ಇಲ್ಲದಿದ್ದರೆ ಹತ್ತಿಗೆ ಹತ್ತೋದು ಬರೀ ಕೊಳೆ.

ಅರಗು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ಕೆರೆದು ತೆಗೆಯುವುದೇ ಬೇಡ.

ಬಾಗಿಲಿನ ಅಂಚನ್ನೂ ನೋಡಿ. ಅಂಚಿನಲ್ಲಿ ಪದರ ಪದರ ಕಂಡರೆ ಅದು ವೆನಿಯರ್ ಅಂಟಿಸಿದ ಪ್ಲೈವುಡ್. ಮೇಲಿನ ತೇಗ ಕಾಗದಕ್ಕಿಂತ ಸ್ವಲ್ಪ ದಪ್ಪ ಇರುತ್ತೆ ಅಷ್ಟೇ. 80 ನಂಬರ್ ಪೇಪರ್ ಹಾಕಿದ ಮಷೀನ್ ಅದನ್ನು ಕಣ್ಣು ಮುಚ್ಚಿ ತೆರೆಯೋದರಲ್ಲಿ ತಿಂದು ಹಾಕುತ್ತೆ.

ಸಾಗರದ_ಸೊಸೆ
ಬಡಗಿಮನೆ ಅಣ್ಣ, ಮಾಡಿ ನೋಡಿದೆ. ಗೋಡೆ ಬೀರಿನ ಹತ್ತಿ ಕಡ್ಡಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂತು, ಬೆರಳೂ ಅಂಟಿತು. ಹಸಿರು ಬೀರಿನ ಒಳಗಡೆ ಬಣ್ಣವೇ ಬಳಿದಿಲ್ಲ, ಬರೀ ಮರ. ಅಡುಗೆಮನೆಯದು ಸ್ಪಿರಿಟ್‌ಗೂ ಥಿನ್ನರ್‌ಗೂ ಮಿಸುಕಲಿಲ್ಲ. ಮೂರೂ ಗಟ್ಟಿ ಮರ, ಪದರ ಎಲ್ಲೂ ಇಲ್ಲ. ಎತ್ತಿ ತಂದ ಹುಡುಗರ ಬೆನ್ನನ್ನು ಕೇಳಿದರೆ ಗೊತ್ತಾಗುತ್ತೆ!

ಬಡಗಿಮನೆ
ಹಾಗಾದರೆ ಗೋಡೆ ಬೀರಿನಿಂದ ಶುರು ಮಾಡಿ. ಸುಲಭದ್ದು, ಕೈಯೂ ಕುದುರುತ್ತೆ.

ಮೊದಲು ಕೊಳೆ. ಹಳೇ ಬೀರಿನ ಕಪ್ಪಿನಲ್ಲಿ ಮುಕ್ಕಾಲು ಪಾಲು ಹೊಗೆ, ಎಣ್ಣೆ ಕೈ, ಯಾರೋ ತಿಕ್ಕಿದ ಮೇಣ. ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒರೆಸಿ. ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಅರಗಿನ ಮೇಲೆ ನೀರು ನಿಂತರೆ ಬೆಳ್ಳಗಾಗುತ್ತೆ, ಅದಕ್ಕೆ ಹಿಂಡಿದ ಬಟ್ಟೆ. ಒಣಗಿದ ಮೇಲೆ ಟರ್ಪೆಂಟೈನ್‌ನಲ್ಲಿ ಇನ್ನೊಂದು ಸುತ್ತು. ಅದು ಮೇಣ, ಎಣ್ಣೆ ಎರಡನ್ನೂ ಎತ್ತುತ್ತೆ, ಅರಗನ್ನು ಮುಟ್ಟೋದಿಲ್ಲ. ಎಷ್ಟೋ ಬೀರುಗಳಿಗೆ ಇಷ್ಟೇ ಸಾಕು. ಬಟ್ಟೆ ಕಪ್ಪಾದಂತೆ ಕೆಳಗಿಂದ ಮರದ ಎಳೆ ಮೇಲೆ ಬರೋದನ್ನು ನೋಡಬೇಕು ನೀವು.

ಬಿರುಕಿಗೆ ಸ್ಪಿರಿಟ್ಟೇ ಮದ್ದು. ಅರಗು ಎಷ್ಟು ಹಳೆಯದಾದರೂ ಸಾಮಾನ್ಯವಾಗಿ ಸ್ಪಿರಿಟ್‌ಗೆ ಮತ್ತೆ ಕರಗುತ್ತೆ. ಬೀರಿನ ಮೇಲಿರೋ ಪಾಲಿಶನ್ನೇ ಕರಗಿಸಿ, ಮತ್ತೆ ಸಮ ಮಾಡಿ, ಅಲ್ಲೇ ಕೂರಿಸೋದು. ಒಳ್ಳೇ ಬ್ರಷ್ಷನ್ನು ಸ್ಪಿರಿಟ್‌ನಲ್ಲಿ ಅದ್ದಿ, ಒಂದು ಪ್ಯಾನಲ್‌ನಷ್ಟು ಜಾಗಕ್ಕೆ ಮಾತ್ರ, ಎಳೆ ಹೋದ ದಿಕ್ಕಿನಲ್ಲೇ ಎಳೆಯಿರಿ. ಬಿರುಕುಗಳು ಮೆತ್ತಗಾಗಿ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಆಗ ಕೈ ತೆಗೆದು ಬಿಡಬೇಕು. ಇನ್ನೊಂದು ಸಲ ಎಳೆಯೋಣ ಅನ್ನೋ ಆಸೆ ಬರುತ್ತೆ, ಎಳೆದರೆ ಬ್ರಷ್ ಹೆಜ್ಜೆ ಅಲ್ಲೇ ಉಳಿಯುತ್ತೆ. ರಾತ್ರಿ ಪೂರ್ತಿ ಒಣಗಲಿ. ಬೆಳಿಗ್ಗೆ 320 ನಂಬರ್ ಪೇಪರಿನಲ್ಲಿ ತೂಕ ಹಾಕದೆ ಸವರಿ.

ಆಮೇಲೆ ಹೊಸ ಪಾಲಿಶ್. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150ರಿಂದ 200 ಗ್ರಾಂ ಅರಗಿನ ಚಕ್ಕೆ. ಗಾಜಿನ ಬಾಟಲಿಯಲ್ಲಿ ರಾತ್ರಿ ನೆನೆಯಲಿ, ಆಗಾಗ ಅಲ್ಲಾಡಿಸಿ. ಕಬ್ಬಿಣದ ಡಬ್ಬಿ ಬೇಡ, ಪಾಲಿಶ್ ಕಪ್ಪಾಗುತ್ತೆ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಹಳೇ ಪಂಚೆಯ ಒಂದು ಚೌಕದೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ. ಪಾಲಿಶನ್ನು ಹತ್ತಿಗೆ ಹಾಕಬೇಕು, ಬಟ್ಟೆಗಲ್ಲ. ಉಂಡೆ ಒತ್ತಿದಾಗ ತೇವ ಆಗಬೇಕು, ತೊಟ್ಟಿಕ್ಕಬಾರದು. ಪ್ಯಾನಲ್ ಮೇಲೆ ಕೈ ಇಳಿಸುವಾಗ ಚಲಿಸುತ್ತಲೇ ಇಳಿಸಿ, ಚಲಿಸುತ್ತಲೇ ಎತ್ತಿ. ನಿಂತ ಕಡೆ ಬಟ್ಟೆ ಕಚ್ಚಿಕೊಂಡು ಗುರುತು ಬೀಳುತ್ತೆ. ಉಂಡೆ ಎಳೆದಾಡೋಕೆ ಶುರುವಾದರೆ ತಳಕ್ಕೆ ಒಂದೇ ತೊಟ್ಟು ಎಣ್ಣೆ ಸವರಿ. ತೆಳುವಾಗಿ, ತುಂಬ ಸಲ. ದಪ್ಪಗೆ ಎರಡು ಸಲ ಬಳಿದರೆ ಮತ್ತೆ ಅದೇ ಬಿರುಕು.

ಕಿಟಕಿ ತೆಗೆದಿಟ್ಟುಕೊಳ್ಳಿ. ದೇವರ ಮುಂದಿನ ದೀಪ, ಗ್ಯಾಸ್ ಒಲೆ ಎರಡೂ ಆರಿರಲಿ. ಸ್ಪಿರಿಟ್ ಆವಿ ಬೆಂಕಿಗೆ ಕಾಯುತ್ತಾ ಇರುತ್ತೆ.

ಇಂಟೀರಿಯರ್_ಇಂಚರ
ಬಡಗಿಮನೆಯವರು ಹೇಳಿದ್ದು ಗೋಡೆ ಬೀರಿಗೆ ಸರಿ. ಆದರೆ ಅರಗನ್ನೇ ಎಲ್ಲದಕ್ಕೂ ಹೊಗಳಬೇಡಿ ಪ್ಲೀಸ್. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ, ಸ್ಯಾನಿಟೈಜರ್ ಬಿದ್ದರೆ ಕಲೆ. ಅಡುಗೆಮನೆಗೆ ಅದು ಆಗೋದಿಲ್ಲ. ಅಲ್ಲಿ ಪಿಯು ಬೇಕು. ಕ್ಲೈಂಟ್‌ಗಳ ಮನೆಯಲ್ಲಿ ದಿನಾ ನೋಡ್ತೀನಿ.

ಬಡಗಿಮನೆ
ಅಡುಗೆಮನೆಯ ವಿಷಯದಲ್ಲಿ ಒಪ್ಪಿದೆ. ಆದರೆ ಅರಗಿನ ಮೇಲಿನ ಬಿಳಿ ಉಂಗುರ ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಗಾಳಿಯಷ್ಟು ಹಗುರಾಗಿ ಆಡಿಸಿದರೆ ಸಾಮಾನ್ಯವಾಗಿ ಹೋಗುತ್ತೆ. ನಿಮ್ಮ ಪಿಯು ಗೀರು ಬಿದ್ದರೆ ಇಡೀ ಬಾಗಿಲನ್ನೇ ಮತ್ತೆ ಮಾಡಬೇಕು. ರಿಪೇರಿ ಆಗೋದಕ್ಕೂ ಬೆಲೆ ಇದೆ ಅಲ್ವಾ?

ಇಂಟೀರಿಯರ್_ಇಂಚರ
ಅದು ಸರಿ. ರಿಪೇರಿ ಮಾಡುವ ತಾಳ್ಮೆ ಯಾರಿಗಿದೆ ಅನ್ನೋದೇ ಪ್ರಶ್ನೆ 🙂

ಕೆಮಿಸ್ಟ್ರಿ_ಮೇಷ್ಟ್ರು
ಎಲ್ಲರೂ ಗೋಡೆ ಬೀರಿನ ಹಿಂದೆ ಬಿದ್ದಿದ್ದೀರಿ. ನನಗೆ ಚಿಂತೆ ಆಗಿರುವುದು ಆ ಹಸಿರು ಬೀರು.

ತಾಯಿ, ಅದನ್ನು ಒಣದಾಗಿ ಉಜ್ಜಲೇಬೇಡಿ. ಕೈಯಲ್ಲೂ ಬೇಡ, ಮಷೀನಿನಲ್ಲಂತೂ ಬೇಡವೇ ಬೇಡ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಹಳದಿ ಬಣ್ಣಕ್ಕೆ ಲೆಡ್ ಕ್ರೋಮೇಟ್ ಹಾಕುತ್ತಿದ್ದರು. ಅದಕ್ಕೆ ನೀಲಿ ಸೇರಿಸಿದರೆ ಹಸಿರು. ನಮ್ಮ ದೇಶದಲ್ಲಿ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಯಾವ ಎನಾಮಲ್ ಆದರೂ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡುವುದು ಕ್ಷೇಮ. ಸೀಸದ ವಿಷದ ಬಗ್ಗೆ ದೇಶವೇ ಕಿವಿಗೊಡುವಂತೆ ಕೆಲಸ ಮಾಡಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು.

ಉಜ್ಜಿದ ಪುಡಿ ಕಣ್ಣಿಗೆ ಕಾಣದಷ್ಟು ನುಣ್ಣಗಿರುತ್ತದೆ. ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೆ ಹತ್ತಿ ಬಾಯಿಗೆ ಹೋಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯೋ ಇದ್ದರೆ ಆ ಬೀರಿನ ಕೆಲಸ ಮನೆಯಲ್ಲಿ ಬೇಡ.

ಅವಸರವಾಸಿ
ಮೇಷ್ಟ್ರೇ, ನಾವೆಲ್ಲ ಅದೇ ಹಸಿರು ಕಿಟಕಿ ಸರಳು ಕಚ್ಚಿಕೊಂಡೇ ಬೆಳೆದವರು. ಏನೂ ಆಗಿಲ್ಲ ನೋಡಿ.

ಕೆಮಿಸ್ಟ್ರಿ_ಮೇಷ್ಟ್ರು
ಏನೂ ಆಗಿಲ್ಲ ಅಂತ ಯಾರು ಅಳೆದು ನೋಡಿದ್ದಾರೆ? ಸೀಸ ಮಕ್ಕಳ ಬುದ್ಧಿ ಬೆಳವಣಿಗೆಗೆ ಹೊಡೆತ ಕೊಡುತ್ತದೆ. ಅದು ಹೊರಗೆ ಗಾಯವಾಗಿ ಕಾಣುವುದಿಲ್ಲ. ಭಾನುವಾರ ಒಂದೇ ದಿನದಲ್ಲಿ ಎಲ್ಲ ಮುಗಿಸುವ ಅವಸರ ಎಲ್ಲಿಂದ ಬಂತೋ ನಾನು ಹೇಳುವುದಿಲ್ಲ 😄

ಅವಸರವಾಸಿ
ಅಯ್ಯೋ ಗುರುಗಳೇ, ಸೋತೆ! 🙏

ಸಾಗರದ_ಸೊಸೆ
ಮೇಷ್ಟ್ರೇ, ಹೇಳಿದ್ದು ಒಳ್ಳೇದಾಯ್ತು. ಮನೆಯಲ್ಲಿ ಚಿಕ್ಕವರು ಯಾರೂ ಇಲ್ಲ, ಮಗಳು ಹಾಸ್ಟೆಲ್‌ನಲ್ಲಿದ್ದಾಳೆ. ಹಾಗಾದರೆ ಆ ಬಣ್ಣ ತೆಗೆಯೋದು ಹೇಗೆ? ಹಾಗೇ ಬಿಟ್ಟುಬಿಡಲಾ?

ಕೆಮಿಸ್ಟ್ರಿ_ಮೇಷ್ಟ್ರು
ಬಣ್ಣ ಗಟ್ಟಿಯಾಗಿದ್ದು, ಎಲ್ಲೂ ಸಿಪ್ಪೆ ಏಳದಿದ್ದರೆ ಬಿಡುವುದೂ ಒಂದು ದಾರಿಯೇ. ಅದರ ಮೇಲೆ ಹೊಸ ಬಣ್ಣ ಹೊಡೆದರೂ ಸೀಸ ಒಳಗೇ ಮುಚ್ಚಿಕೊಂಡಿರುತ್ತದೆ. ತೆಗೆಯಲೇಬೇಕು ಅಂತಿದ್ದರೆ ಪೇಂಟ್ ರಿಮೂವರ್. ತೆರೆದ ತಾರಸಿಯಲ್ಲಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ರಾಸಾಯನಿಕ ತಡೆಯುವ ದಪ್ಪ ಕೈಗವಸು, ಕನ್ನಡಕ ಹಾಕಿಕೊಂಡು. ಹಲವು ರಿಮೂವರ್‌ಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಪ್ರಾಣ ತೆಗೆಯಬಲ್ಲದು. ಅಮೆರಿಕದಲ್ಲಿ 2019ರಲ್ಲೇ ಮನೆಬಳಕೆಯ ರಿಮೂವರ್‌ಗಳಲ್ಲಿ ಅದನ್ನು ನಿಷೇಧಿಸಿದರು. ಡಬ್ಬಿಯ ಮೇಲಿನದ್ದನ್ನು ಓದಿಯೇ ಕೊಳ್ಳಿ. ದೂಳಿಗೆ ಹಾಕುವ ಎನ್95 ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ.

ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಣ್ಣ ಉಬ್ಬಿದ ಮೇಲೆ ಮೊಂಡು ಕೆರೆಯುವ ಪಟ್ಟಿಯಿಂದ ಹಸಿಯಾಗಿಯೇ ಎತ್ತಬೇಕು. ಎತ್ತಿದ್ದನ್ನು ಅಲ್ಲಲ್ಲೇ ಚೀಲಕ್ಕೆ ತುಂಬಿ ಕಟ್ಟಿ. ಗಿಡಕ್ಕೆ, ಮೋರಿಗೆ ಸುರಿಯಬೇಡಿ. ಬೆಂಗಳೂರಿನಲ್ಲಾದರೆ ಅಪಾಯಕಾರಿ ಕಸ ಅಂತ ಬೇರೆ ಮಾಡಿಕೊಡಿ.

ಧಾರವಾಡ_ಪೇಡಾ
ನಮ್ಮ ಕಡೆ ಒಂದು ವರ್ಕ್‌ಶಾಪ್‌ನವರು ಬಾಗಲಾ ಬಿಚ್ಕೊಂಡು ಹೋಗಿ ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕಿ ಬಣ್ಣ ತಗೀತಾರ್ರೀ. ಬಣ್ಣೇನೋ ಬೆಣ್ಣಿ ಹಂಗ ಬಿಡ್ತದ. ಆದ್ರ ನಮ್ಮ ಕಾಕಾನ ಮನಿ ತೇಗದ ಬಾಗಲಾ ವಾಪಸ್ ಬಂದಾಗ ಇದ್ದಲಿ ಬಣ್ಣಾ ಆಗಿತ್ತು. ಜೋಡಣಿ ಅಂಟೂ ಬಿಟ್ಟಿತ್ತು. ಯಾಕ ಹಿಂಗ ಆತು ಮಾಸ್ತರ?

ಕೆಮಿಸ್ಟ್ರಿ_ಮೇಷ್ಟ್ರು
ಅದು ತೀಕ್ಷ್ಣ ಕ್ಷಾರ. ತೇಗದಂಥ ಮರದೊಳಗಿನ ಟ್ಯಾನಿನ್ (ಒಗರು ಅಂಶ) ಮೊದಲಾದವು ಕ್ಷಾರಕ್ಕೆ ಕಪ್ಪಾಗುತ್ತವೆ, ಎಳೆಗಳೂ ಉಬ್ಬುತ್ತವೆ. ಮರದೊಳಗೆ ಕ್ಷಾರ ಉಳಿದರೆ ಮೇಲೆ ಹೊಡೆದ ಪಾಲಿಶ್ ಕೂಡ ನಿಲ್ಲುವುದಿಲ್ಲ.

ಇದರದ್ದೇ ತಮ್ಮ ಇನ್ನೊಂದಿದೆ. ಹಳೇ ಮೊಳೆ, ಸ್ಕ್ರೂ ಸುತ್ತ ಕಪ್ಪು ಕಲೆ ನೋಡಿರುತ್ತೀರಿ. ಅದು ಕಬ್ಬಿಣ, ನೀರು, ಟ್ಯಾನಿನ್ ಸೇರಿ ಆದ ಶಾಯಿ. ಹಿಂದೆ ಬರೆಯುವ ಶಾಯಿಯನ್ನೂ ಹೀಗೇ ಮಾಡುತ್ತಿದ್ದರು. ಎಷ್ಟು ಉಜ್ಜಿದರೂ ಹೋಗದು, ಏಕೆಂದರೆ ಒಳಕ್ಕೆ ಇಳಿದಿರುತ್ತದೆ. ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಬರೀ ಮರದ ಮೇಲೆ ಬಳಿದರೆ ಕಣ್ಣೆದುರೇ ಮಾಯವಾಗುತ್ತದೆ. ಆಮೇಲೆ ನೀರಲ್ಲಿ ಎರಡು ಮೂರು ಸಲ ಒರೆಸಬೇಕು. ಅದು ವಿಷ, ಕೈಗವಸು ಬೇಕು. ಒಣಗಿದ ಮೇಲೆ ಉಳಿದ ಪುಡಿಯನ್ನು ಉಜ್ಜಿ ಎಬ್ಬಿಸಿ ಉಸಿರಾಡಬೇಡಿ.

ಬಡಗಿಮನೆ
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ಇದೇ ಕಾರಣಕ್ಕೆ ತೇಗಕ್ಕೆ ಉಕ್ಕಿನ ಉಣ್ಣೆ, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬೇಡ. ಅದರ ಚೂರು ಎಳೆಯೊಳಗೆ ಸಿಕ್ಕಿಕೊಂಡು ಮಳೆಗಾಲದಲ್ಲಿ ಚುಕ್ಕೆ ಚುಕ್ಕೆ ಕಪ್ಪು ಏಳುತ್ತೆ. ಹಸಿರು ನೈಲಾನ್ ಸ್ಕ್ರಬ್ಬರ್ ಸಾಕು.

ಕುಂದಾಪ್ರ_ಕಡಲು
ನಮ್ಮೂರಲ್ಲಿ ಮರಕ್ಕೆ ಏನೇ ಆದರೂ ಮದ್ದು ಒಂದೇ, ಗೇರು ಎಣ್ಣೆ. ಮಾಡಿನ ಪಕ್ಕಾಸು, ರೀಪಿಗೆ ಅಜ್ಜ ಅದನ್ನೇ ಬಳಿಸುತ್ತಿದ್ದರು. ಗೆದ್ದಲು ಹತ್ತಿರ ಸುಳಿಯೋದಿಲ್ಲ. ಬೀರಿಗೂ ಅದನ್ನೇ ಬಳಿದರೆ ಆಗೋದಿಲ್ವಾ?

ಬಡಗಿಮನೆ
ಮಾಡಿಗೆ ಬಹಳ ಒಳ್ಳೇದು. ಬೀರಿಗೆ ಬೇಡ ಮಾರಾಯ್ರೇ. ಮರ ಕಪ್ಪಾಗುತ್ತೆ, ಮೈಗೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತೆ, ವಾಸನೆಗೆ ಒಳಗಿಟ್ಟ ಬಟ್ಟೆ ಉಡುವ ಹಾಗಿಲ್ಲ. ಬೀರಿನ ಹಿಂದಿನ ಹಲಗೆ ಗೋಡೆಗೆ ತಾಗುವ ಕಡೆ ಬೇಕಾದರೆ ಯೋಚನೆ ಮಾಡಬಹುದು, ಅದೂ ಹಳ್ಳಿ ಮನೆಯಲ್ಲಿ.

ಹುಳದ ಮಾತು ಬಂತು, ಅಕ್ಕ ಇದನ್ನು ನೋಡಿಕೊಳ್ಳಿ. ಬೀರಿನ ಕೆಳಗೆ ಹಳೇ ಕಪ್ಪು ಬಟ್ಟೆ ಹಾಸಿ ಒಂದು ವಾರ ಬಿಡಿ. ಅಕ್ಕಿ ಹಿಟ್ಟಿನಷ್ಟು ನುಣ್ಣನೆಯ ಪುಡಿ ಬಿದ್ದರೆ ಕುಟ್ಟೆ ಜೀವಂತ ಇದೆ. ಗುಂಡುಸೂಜಿ ಚುಚ್ಚಿದಂತೆ ದುಂಡನೆಯ ತೂತು ಅದರದ್ದೇ. ಗೆದ್ದಲಾದರೆ ಪುಡಿ ಅಲ್ಲ, ಮಣ್ಣಿನ ಸಾಲು ಇರುತ್ತೆ. ತೂತು ಹಳೆಯದಾಗಿ, ಪುಡಿ ಬೀಳದಿದ್ದರೆ ಹುಳ ಬಿಟ್ಟು ಹೋದ ಮನೆ ಅದು, ಮೇಣ ತುಂಬಿ ಮುಚ್ಚಿ. ಜೀವಂತ ಇದ್ದರೆ ಪಾಲಿಶ್‌ಗೆ ಮುಂಚೆಯೇ, ಬರೀ ಮರ ಇರುವ ಕಡೆ, ಮರದ ಹುಳಕ್ಕೆ ಅಂತಲೇ ಸಿಗುವ ಔಷಧಿ ಹಾಕಬೇಕು. ಪಾಲಿಶ್ ಆದ ಮೇಲೆ ಔಷಧಿ ಒಳಗೆ ಇಳಿಯೋದಿಲ್ಲ. ತೇಗದ ತಿರುಳಿಗೆ ಕುಟ್ಟೆ ಹಿಡಿಯೋದು ಅಪರೂಪ. ಬಿಳಿಗಟ್ಟು (ತಿರುಳಿನ ಹೊರಗಿನ ಬಿಳಿ ಭಾಗ) ಸೇರಿಸಿ ಮಾಡಿದ ಹಲಗೆಗೆ ಹಿಡಿಯುತ್ತೆ, ಡ್ರಾಯರ್ ತಳಕ್ಕೆ ಹಾಕಿರೋ ಅಗ್ಗದ ಮರಕ್ಕೂ ಹಿಡಿಯುತ್ತೆ.

ಎಡಿಸನ್_ಕನ್ನಡಿಗ
ಸ್ವಲ್ಪ ಪಕ್ಕದ ಪ್ರಶ್ನೆ. ಅಮ್ಮನ ಮನೆಯಲ್ಲಿ ಬೀಟೆ ಮರದ ಒಂದು ಗಾಜಿನ ಬೀರು ಇದೆ. ಪಾಲಿಶ್ ಮಾಡಿಸಿ ನ್ಯೂಜೆರ್ಸಿಗೆ ಹಡಗಿನಲ್ಲಿ ತರಿಸೋಣ ಅಂತಿದ್ದೆ. ಪಾಲಿಶ್ ಅಲ್ಲೇ ಮಾಡಿಸೋದಾ, ಇಲ್ಲಿ ಬಂದ ಮೇಲಾ?

ಇಂಟೀರಿಯರ್_ಇಂಚರ
ಪಾಲಿಶ್ ಆಮೇಲೆ, ಮೊದಲು ಕಾಗದಪತ್ರ. ಬೀಟೆ ಸೇರಿದ ಇಡೀ ಕುಲ 2017ರ ಜನವರಿಯಿಂದ ಸೈಟಿಸ್ (ಅಳಿವಿನಂಚಿನ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಬೀರಿನಷ್ಟು ಭಾರದ್ದನ್ನು ದೇಶದಾಚೆ ಕಳಿಸೋಕೆ ದಾಖಲೆ ಬೇಕು. ತೇಗಕ್ಕೆ ಆ ತೊಂದರೆ ಇಲ್ಲ. ಇನ್ನೊಂದು, 100 ವರ್ಷ ದಾಟಿದ ಕುಶಲ ಕೆಲಸದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆ ಬರುತ್ತೆ. ಕಟ್ಟಡದಿಂದ ಬಿಚ್ಚಿದ ಭಾಗಗಳೂ ಅದರಲ್ಲಿ ಸೇರುತ್ತವೆ. ಅಂಥದ್ದನ್ನು ಖಾಸಗಿಯವರು ಹೊರಗೆ ಕಳಿಸೋ ಹಾಗೇ ಇಲ್ಲ. ಪ್ಯಾಕರ್ಸ್‌ನವರ ಬಾಯಿಮಾತು ನಂಬಿ ಹಡಗಿಗೆ ಹಾಕಬೇಡಿ.

ಬೀಟೆಗೆ ಪಿಯು ಹೊಡೆಸಬೇಕು ಅಂತಿದ್ದರೆ ನೆನಪಿಡಿ, ಆ ಮರದೊಳಗಿನ ಎಣ್ಣೆ ಪಿಯು ಗಟ್ಟಿಯಾಗೋಕೆ ಬಿಡೋದಿಲ್ಲ. ವಾರಗಟ್ಟಲೆ ಜಿಗುಟು. ಮೊದಲು ಮೇಣ ತೆಗೆದ ಅರಗಿನ ಒಂದು ತೆಳು ಕೋಟ್ ಕೊಟ್ಟರೆ ಅದೇ ಗೋಡೆಯಾಗಿ ನಿಲ್ಲುತ್ತೆ. (ಬಡಗಿಮನೆಯವರೇ, ನೋಡಿ, ನಾನೂ ಅರಗನ್ನು ಹೊಗಳಿದೆ!) ಅದರ ದೂಳು ಕೆಲವರಿಗೆ ಚರ್ಮದಲ್ಲಿ ತುರಿಕೆ ತರುತ್ತೆ, ತುಂಬುತೋಳಿನ ಅಂಗಿ ಹಾಕಿ.

ಎಡಿಸನ್_ಕನ್ನಡಿಗ
ಆ ಬೀರು 100 ವರ್ಷದ್ದಂತೂ ಅಲ್ಲ. ಆದರೂ ಅಮ್ಮನ ಮನೆಯಲ್ಲೇ ಇರಲಿ ಬಿಡಿ. ನಿಜವಾಗಿ ಅದು ಬೀಟೆಯೇ ಹೌದಾ ಅಂತ ಹೇಗೆ ತಿಳಿಯೋದು? ಅಮ್ಮ ಮನೆಯಲ್ಲಿರುವ ಕಪ್ಪು ಮರವನ್ನೆಲ್ಲ ಬೀಟೆ ಅಂತಾರೆ.

ಬಡಗಿಮನೆ
ಎಲ್ಲ ಅಮ್ಮಂದಿರೂ ಹಾಗೇ! ಬೀಟೆಗೆ ನೇರಳೆ ಛಾಯೆ, ನಡುವೆ ಕಪ್ಪು ಗೆರೆ, ಕೈಗೆ ಭಾರ. ಹೊನ್ನೆಯಾದರೆ ಅದರ ಪುಡಿಯನ್ನು ನೀರಿಗೆ ಹಾಕಿ ಬಿಸಿಲಿಗೆ ಹಿಡಿಯಿರಿ, ನೀರಿನಲ್ಲಿ ನೀಲಿ ಮಿಂಚು ಕಾಣುತ್ತೆ. ಸಕ್ಕರೆ ಕಾಯಿಲೆಗೆ ಅಂತ ಮಾರುವ ಲೋಟ ಇದೇ ಮರದ್ದು. ತೇಗ ಮುಟ್ಟಿದರೆ ಎಣ್ಣೆ ಎಣ್ಣೆ, ಹೊಸದಾಗಿ ಕೆರೆದರೆ ಚರ್ಮದ ವಾಸನೆ. ಖಚಿತ ಬೇಕಾದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಣ್ಣ ತುಂಡು ಕೊಟ್ಟು ಗುರುತು ಹಿಡಿಸಬಹುದು.

ಸಾಗರದ_ಸೊಸೆ
ಗೋಡೆ ಬೀರು ಮುಗಿಯಿತು! ಕೊಳೆ ತೆಗೆದ ಮೇಲೆ ಬಾಗಿಲ ಮೇಲಿನ ಕೆತ್ತನೆಯಲ್ಲಿ ಎರಡು ಗಿಳಿ ಕಂಡವು. ಯಜಮಾನರು ಹುಟ್ಟಿದಾಗಿನಿಂದ ನೋಡಿದ ಬೀರು, ಅದರಲ್ಲಿ ಗಿಳಿ ಇರೋದು ಅವರಿಗೇ ಗೊತ್ತಿರಲಿಲ್ಲ. ಈಗ ಅವರೂ ಪಂಚೆ ಹರಿದು ಉಂಡೆ ಕಟ್ಟಿಕೊಂಡು ಕೂತಿದ್ದಾರೆ.

ಆದರೆ ಹಸಿರು ಬೀರಿನದ್ದು ಹೊಸ ತಲೆನೋವು. ತಾರಸಿಯಲ್ಲಿ ರಿಮೂವರ್ ಹಾಕಿ ತೆಗೆದೆವು. ಕೊನೆಗೆ ಉಳಿದ ತೆಳು ಬಣ್ಣವನ್ನು ನೀರು ಹಾಕಿಕೊಂಡೇ ಉಜ್ಜಿದೆವು. ಕೆಳಗೆ ಸಿಕ್ಕಿದ್ದು ಕಂದು ಅಲ್ಲ, ಅರಿಶಿನ ಹಳದಿ! ಒಳಗಡೆ ನೋಡಿದರೆ ಕಂದು. ಏನಿದು? ಅಂಗಡಿಯವರು ವಾಲ್‌ನಟ್ ಸ್ಟೇನ್ ಹಚ್ಚಿ ಅಂತಿದ್ದಾರೆ.

ಬಡಗಿಮನೆ
ಏನೂ ಹಚ್ಚಬೇಡಿ! ಅದು ಹಲಸು. ಹೊಸದಾಗಿ ಕೊಯ್ದಾಗ ಹಲಸು ಹಳದಿಯೇ. ಬೆಳಕು, ಗಾಳಿ ಕುಡಿದು ತಾನಾಗೇ ಕಂದಾಗುತ್ತೆ. ಒಳಬದಿಗೆ ಯಾರೂ ಬಣ್ಣ ಹೊಡೆದಿರಲಿಲ್ಲ, ಅದಕ್ಕೆ ಅದು ಆಗಲೇ ಮಾಗಿದೆ. ಈಗ ವಾಲ್‌ನಟ್ ಹಚ್ಚಿದರೆ ಮೇಲಿನ ಸ್ಟೇನ್ ಜೊತೆ ಕೆಳಗಿನ ಮರವೂ ಕಪ್ಪಾಗುತ್ತಾ ಹೋಗಿ, ಮುಂದಿನ ವರ್ಷ ನೀವು ನೆನೆಸದ ಬಣ್ಣ ಬರುತ್ತೆ. ಬೆಳಕಿರೋ ಕಡೆ ನಿಲ್ಲಿಸಿ, ಆಗಾಗ ತಿರುಗಿಸಿ. ಮೇಲೆ ಏನಾದರೂ ಇಟ್ಟರೆ ಆ ಜಾಗ ಮಾತ್ರ ಹಳದಿ ಉಳಿಯುತ್ತೆ, ಎಚ್ಚರ. ಬಣ್ಣ ಒಪ್ಪಿದ ದಿನ ಪಾಲಿಶ್ ಶುರು ಮಾಡಿ.

ತೂತು, ಬಿರುಕು ತುಂಬೋಕೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಬೇಡಿ. ಅಂಟು ಹತ್ತಿದ ಜಾಗ ಪಾಲಿಶ್ ಕುಡಿಯೋದಿಲ್ಲ, ತೇಪೆ ಎದ್ದು ಕಾಣುತ್ತೆ. ಗಟ್ಟಿ ಅರಗಿನ ಪಾಲಿಶ್‌ನಲ್ಲಿ ಅದೇ ಹಲಸಿನ ಪುಡಿ ಕಲಸಿ ತುಂಬಿ.

ಕುಂದಾಪ್ರ_ಕಡಲು
ಪಾಲಿಶ್ ಎಲ್ಲ ಯಾಕೆ, ವಾರಕ್ಕೊಮ್ಮೆ ತೆಂಗಿನೆಣ್ಣೆ ಒರೆಸಿದರೆ ಮಿರಿ ಮಿರಿ ಮಿಂಚುತ್ತಲ್ಲ?

ಕೆಮಿಸ್ಟ್ರಿ_ಮೇಷ್ಟ್ರು
ತೆಂಗಿನೆಣ್ಣೆ ಎಂದಿಗೂ ಒಣಗುವುದಿಲ್ಲ. ಮೊದಲ ದಿನ ಮಿಂಚುತ್ತದೆ, ಆಮೇಲೆ ದೂಳು ಕೂರಿಸಿಕೊಂಡು ಮುಗ್ಗಲು ವಾಸನೆ ಬರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಮರಕ್ಕೆ ಅದು ಆಗಬಹುದು. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗಿನ ಶಾಖಕ್ಕೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹರಡಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಇದನ್ನು ದಯವಿಟ್ಟು ಯಾರೂ ತಮಾಷೆ ಅಂದುಕೊಳ್ಳಬೇಡಿ.

ಸಾಗರದ_ಸೊಸೆ
ಇನ್ನು ಉಳಿದದ್ದು ಅಡುಗೆಮನೆ ಕಪಾಟು. ಇಂಚರ, ನೀವೇ ಹೇಳಬೇಕು. ಅದರ ಒಂದು ಬಾಗಿಲು ಊರಲ್ಲಿ ಮಳೆಗಾಲದಲ್ಲಿ ಹಿಡಿಯುತ್ತಿತ್ತಂತೆ. ಅಂಚನ್ನು ಸ್ವಲ್ಪ ಹೆರೆಸಿಬಿಡಲಾ?

ಇಂಟೀರಿಯರ್_ಇಂಚರ
ಹೆರೆಸಬೇಡಿ ಅಕ್ಕ. ಸಾಗರದ ಮಳೆ ಕುಡಿದು ಉಬ್ಬಿದ್ದ ಮರ, ಬೆಂಗಳೂರಿನ ಫೆಬ್ರವರಿ, ಮಾರ್ಚ್‌ಗೆ ಕುಗ್ಗುತ್ತೆ. ಈಗಲೇ ಹೆರೆದರೆ ಆಗ ಸಂದು ಬಿಡುತ್ತೆ. ಒಂದು ಬೇಸಿಗೆ ನೋಡಿ. ಬಾಗಿಲಿನ ನಡುವಿನ ಪ್ಯಾನಲ್ ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ಸಡಿಲ ಕೂತಿರುತ್ತೆ, ಅಲ್ಲಾಡುತ್ತೆ ಅಂತ ಅಂಟು ಹಾಕಿ ಬಿಗಿ ಮಾಡಬೇಡಿ. ಅದು ಉಬ್ಬಿ ಕುಗ್ಗೋಕೆ ಅಂತಲೇ ಬಿಟ್ಟ ಜಾಗ. ಬಿಗಿ ಮಾಡಿದರೆ ಪ್ಯಾನಲ್ ಸೀಳುತ್ತೆ.

ಜಿಡ್ಡು ಪೂರ್ತಿ ಹೋಗದೆ ಸ್ಯಾಂಡ್ ಪೇಪರ್ ಮುಟ್ಟಬೇಡಿ. ಉಜ್ಜಿದರೆ ಒಗ್ಗರಣೆ ಜಿಡ್ಡು ಮರದೊಳಕ್ಕೇ ಇಳಿಯುತ್ತೆ. ಆಮೇಲೆ ಪಿಯು ಅಲ್ಲಲ್ಲಿ ಹಿಂದೆ ಸರಿದು ಗುಳಿ ಬೀಳುತ್ತೆ. ಸ್ಪ್ರೇ ಪಾಲಿಶ್ ಹೊಡೆದಿದ್ದರೂ ಹೀಗೇ ಆಗುತ್ತೆ, ಅದರಲ್ಲಿ ಸಿಲಿಕೋನ್ ಇರುತ್ತೆ. ಡಿಶ್ ಲಿಕ್ವಿಡ್, ಆಮೇಲೆ ಟರ್ಪೆಂಟೈನ್. ಬಿಳಿ ಬಟ್ಟೆ ಬಿಳಿಯಾಗೇ ವಾಪಸ್ ಬರೋವರೆಗೆ. ಹಳೇ ವಾರ್ನಿಷ್ ಗಟ್ಟಿ ಇದ್ದರೆ ಬರೀ ಮರದವರೆಗೆ ಹೋಗೋದು ಬೇಡ. 220ರಲ್ಲಿ ಹೊಳಪು ಮಾತ್ರ ಸಾಯಿಸಿ ಮೇಲೆ ಹೊಡೆಯಿರಿ. ಅದಕ್ಕೂ ಹಳೇ ಬಣ್ಣದ ಎಚ್ಚರಿಕೆಯೇ, ನೀರು ಹಾಕಿಕೊಂಡೇ ಉಜ್ಜಿ. ಮನೆಯಲ್ಲಿ ಮಾಡೋದಾದರೆ ನೀರಿನ ಪಿಯು, ಬ್ರಷ್‌ನಲ್ಲಿ. ಗಟ್ಟಿಕಾರಿ ಬೆರೆಸುವ ಎರಡು ಡಬ್ಬಿಯ ಪಿಯು ಸ್ಪ್ರೇ ಮಾಡೋದು ಮನೆಯಲ್ಲಿ ಬೇಡ, ಅದರ ಐಸೊಸಯನೇಟ್ ಶ್ವಾಸಕ್ಕೆ ಕೆಟ್ಟದ್ದು. ಎಳೆ ಎಣ್ಣೆ ಎಣ್ಣೆ ಇದ್ದರೆ ಹೊಡೆಯೋ ಮುಂಚೆ ಥಿನ್ನರ್‌ನಲ್ಲಿ ಒರೆಸಿ.

ಸಾಗರದ_ಸೊಸೆ
ಒಳಗಡೆ ಕೂಡ ಪಿಯು ಹೊಡೆಯಬೇಕಾ? ದಿನಸಿ ಇಡೋದು ಅಲ್ಲೇ. ಕೀಲು, ಚಿಲಕ ಹಿತ್ತಾಳೆಯವು, ಪೂರ್ತಿ ಕಪ್ಪಾಗಿವೆ.

ಬಡಗಿಮನೆ
ಒಳಗೆ ಎರಡು ತೆಳು ಕೋಟ್ ಅರಗು ಸಾಕು. ಚನ್ನಪಟ್ಟಣದ ಹಾಲೆ ಮರದ ಗೊಂಬೆಗೆ ಹಚ್ಚೋದೂ ಇದೇ ಅರಗು. ಬಾಗಿಲು ತೆರೆದಿಟ್ಟು ಸ್ಪಿರಿಟ್ ವಾಸನೆ ಪೂರ್ತಿ ಹೋದ ಮೇಲೆ ಸಾಮಾನು ತುಂಬಿ. ಮಳೆ ಹಿಡಿದ ದಿನ ಹಚ್ಚಬೇಡಿ, ಗಾಳಿಯ ತೇವಕ್ಕೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತೆ.

ಹಿತ್ತಾಳೆಗೆ ಹುಣಸೆಹಣ್ಣೇ ಸರಿ, ಆದರೆ ಬಿಚ್ಚಿ ತೊಳೆಯಿರಿ, ಬಾಗಿಲ ಮೇಲೇ ಬೇಡ. ಸ್ಕ್ರೂ ಕಚ್ಚಿಕೊಂಡಿದ್ದರೆ ಬೆಸುಗೆ ಹಾಕೋ ಸೋಲ್ಡರಿಂಗ್ ಐರನ್ನನ್ನು ತಲೆಗೆ ಸ್ವಲ್ಪ ಹೊತ್ತು ಒತ್ತಿ, ಬಿಸಿಯಾಗಿ ಆರಿದ ಮೇಲೆ ತಿರುಗಿಸಿ. ಸ್ಪಿರಿಟ್ ಕೆಲಸ ಶುರು ಮಾಡೋ ಮೊದಲೇ ಇದನ್ನು ಮುಗಿಸಿಕೊಳ್ಳಿ. ತೆಗೆದ ಒಂದೊಂದು ಕೀಲಿಗೂ ಅದೇ ಸ್ಕ್ರೂ ಸೇರಿಸಿ ಚೀಟಿ ಅಂಟಿಸಿಡಿ. ಹಳೇ ಸ್ಕ್ರೂ, ಒಂದರ ತೂತಿಗೆ ಇನ್ನೊಂದು ಸರಿಯಾಗಿ ಕೂರದೇ ಇರಬಹುದು.

ಧಾರವಾಡ_ಪೇಡಾ
ಅಕ್ಕಾರ, ಆ ಗಿಳಿ ಫೋಟೊ ಹಾಕ್ರಿ ಮತ್ತ. ಬರೇ ಓದಿ ಓದಿ ಕಣ್ಣ ಸೋತಾವು.